ಹೊಟ್ಟೆ ಚಿಕ್ಕದಾದ ಮೇಲೆ: ಗುಜರಾತಿನ ಮೂರು ಊರುಗಳಲ್ಲಿ ಊಟ ಮತ್ತು ಕುಡಿತ

ಶನಿವಾರ ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರತ್‌ನಿಂದ ವಾಪಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಾರುಗಳು ಹೆಚ್ಚುತ್ತವೆ. ಸುಮಾರು 120 ಕಿ.ಮೀ. ಹೋದರೆ ದಮನ್. ಅದು ಕೇಂದ್ರಾಡಳಿತ ಪ್ರದೇಶ, ಮದ್ಯದಂಗಡಿಗೆ ಅಲ್ಲಿ ತಡೆಯಿಲ್ಲ. ಅಹಮದಾಬಾದಿನವರು ಉತ್ತರಕ್ಕೆ ಹೊರಟು ರಾಜಸ್ಥಾನದ ಅಬು ಬೆಟ್ಟಕ್ಕೋ ಉದಯಪುರಕ್ಕೋ ಹೋಗುತ್ತಾರೆ. ನಡುವೆ ಇರುವ ವಡೋದರಾದವರು ಎರಡು ದಿಕ್ಕಿಗೂ ಹೋಗುತ್ತಾರೆ. ಭಾನುವಾರ ರಾತ್ರಿ ಎಲ್ಲರೂ ಅದೇ ದಾರಿಯಲ್ಲಿ ಮರಳುತ್ತಾರೆ, ಬಹಳ ಮಂದಿ ತಾವೇ ಕಾರು ಓಡಿಸಿಕೊಂಡು.

ಹೀಗೆ ಹೋದವರಲ್ಲಿ ಒಬ್ಬರನ್ನು ಊಹಿಸಿಕೊಳ್ಳೋಣ. ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷದಿಂದ ಸೂರತ್‌ನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದಾರೆ. ತೂಕ 118 ಕೆ.ಜಿ. ಮುಟ್ಟಿತ್ತು, ಸಕ್ಕರೆ ಕಾಯಿಲೆ ಹತ್ತಿತ್ತು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಆಪರೇಷನ್ ಮಾಡಿಸಿಕೊಂಡರು. ಎಂಟು ತಿಂಗಳಲ್ಲಿ 84ಕ್ಕೆ ಇಳಿದರು. ದಮನ್‌ನ ಸಮುದ್ರದ ದಂಡೆಯಲ್ಲಿ ಗೆಳೆಯರು, "ಈಗ ಸಪೂರ ಆಗಿದ್ದೀರಲ್ಲ ಶೆಟ್ರೇ, ಒಂದು ಪೆಗ್ಗಿಗೆ ಏನಾಗ್ತದೆ?" ಎನ್ನುತ್ತಾರೆ. ಹಿಂದೆ ಮೂರು ಪೆಗ್ಗಿಗೂ ಜಗ್ಗದ ಮನುಷ್ಯ. ಕುಡಿಯಬಹುದೇ ಎಂದು ಅವರು ವೈದ್ಯರನ್ನು ಕೇಳಿಲ್ಲ. ಪಾನನಿರೋಧದ ರಾಜ್ಯದಲ್ಲಿ, ಹೆಂಡತಿ ಮಕ್ಕಳ ಎದುರಿಗೆ, ವೈದ್ಯರ ಕೋಣೆಯಲ್ಲಿ ಕೂತು ಆ ಮಾತು ಎತ್ತುವುದು ಹೇಗೆ? ವೈದ್ಯರೂ ಕೇಳಿಲ್ಲ. ಫಾರಂನಲ್ಲಿ 'ಕುಡಿತ: ಇಲ್ಲ' ಎಂದು ಬರೆದಾಗಿತ್ತು.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಗುಜರಾತಿನಲ್ಲಿ ಮಾತಿಗೆ ಬರವಿಲ್ಲ. ಯಾವ ಆಸ್ಪತ್ರೆ, ಎಷ್ಟು ಖರ್ಚು, ವಿಮೆ ಸಿಗುತ್ತದೆಯೇ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಮುಚ್ಚಿಹೋಗುವುದು ಈ ಒಂದು ಪ್ರಶ್ನೆ. ಮುಚ್ಚಿಟ್ಟದ್ದರಿಂದಲೇ ಅದು ಅಪಾಯಕ್ಕೆ ತಿರುಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆಪರೇಷನ್ ಏನೆಂದು ತಿಳಿಯಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡಾಗಿನಿಂದ ನಮ್ಮಲ್ಲಿ ಅನೇಕರು ಇದನ್ನೂ ಅದನ್ನೂ ಒಂದೇ ಎಂದುಕೊಂಡಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ. ಅಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬಿಗೆ ಕೈಯನ್ನೇ ಹಾಕುವುದಿಲ್ಲ, ಬದಲಾಗುವುದು ಜಠರ ಮತ್ತು ಕರುಳು. ಸ್ಲೀವ್ ಎಂಬ ಬಗೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಒಂದು ಲೀಟರಿಗಿಂತ ಹೆಚ್ಚು ಹಿಡಿಯುತ್ತಿದ್ದ ಚೀಲಕ್ಕೆ ಈಗ 100ರಿಂದ 150 ಮಿ.ಲೀ. ಸಾಕು. ಬೈಪಾಸ್‌ನಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಸಂಚಿ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇದರ ಮೂಲರೂಪವನ್ನು ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಮಾಡಿ ತೋರಿಸಿದರು. ಒಂದೇ ಜೋಡಣೆಯ ಮಿನಿ ಬೈಪಾಸ್ ಭಾರತದಲ್ಲಿ ಬಳಕೆಯಲ್ಲಿರುವ ಇನ್ನೊಂದು ಬಗೆ.

ಈ ಆಪರೇಷನ್‌ಗಳ ಲಾಭದ ಬಗ್ಗೆ ನನಗೆ ತಕರಾರಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮಂಡಿ ನೋವು ಇಳಿಯುತ್ತದೆ, ಆಯುಸ್ಸು ಹೆಚ್ಚುತ್ತದೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ನಿಯಮದಂತೆ 18 ತುಂಬಿದವರ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಗಂಭೀರ ಜೊತೆಕಾಯಿಲೆಯಿದ್ದರೆ, ವೈದ್ಯರ ಸಲಹೆಯ ಮೇಲೆ ಮಾಡಿಸಿದ ಈ ಶಸ್ತ್ರಚಿಕಿತ್ಸೆ ವಿಮೆಯಿಂದ ಹೊರಗುಳಿಯುವುದಿಲ್ಲ. ಈಗ ಚುಚ್ಚುಮದ್ದುಗಳೂ ಬಂದಿವೆ. 2025ರಲ್ಲಿ ಮೌಂಜಾರೊ, ವೆಗೋವಿ ಭಾರತದ ಪೇಟೆಗೆ ಇಳಿದವು. ಅವುಗಳ ಕತೆ ಬೇರೆ. ಆದರೂ ಮದ್ಯದ ವಿಷಯದಲ್ಲಿ ಚುಚ್ಚುಮದ್ದು ಮತ್ತು ಆಪರೇಷನ್ ಎದುರುಬದುರು ದಿಕ್ಕಿಗೆ ಎಳೆಯುತ್ತವೆ ಎಂಬುದನ್ನು ಗಮನಿಸಬೇಕು. ಚುಚ್ಚುಮದ್ದು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಆಪರೇಷನ್ ಅದನ್ನು ವೇಗ ಮಾಡುತ್ತದೆ.

ಆ ವೇಗದಲ್ಲಿಯೇ ಎಲ್ಲ ಇರುವುದು. ಮದ್ಯ ಬಹಳಷ್ಟು ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ. ಸಹಜ ಹೊಟ್ಟೆಯಲ್ಲಿ ಜಠರ ಅದನ್ನು ಸ್ವಲ್ಪ ಹೊತ್ತು ತಡೆದಿಟ್ಟುಕೊಂಡು ಚೂರು ಚೂರಾಗಿ ಕೆಳಗೆ ಬಿಡುತ್ತದೆ. ಜಠರದ ಒಳಗೋಡೆಯ ಕಿಣ್ವವೊಂದು ಸ್ವಲ್ಪ ಪಾಲನ್ನು ಅಲ್ಲಿಯೇ ಮುರಿಯುತ್ತದೆ. ಆಪರೇಷನ್ ಆದವರಲ್ಲಿ ತಡೆಯುವ ಚೀಲವೂ ಇಲ್ಲ, ಮುರಿಯುವ ಕಿಣ್ವವೂ ಕಡಿಮೆ. ತೂಕ ಇಳಿದಿರುವುದರಿಂದ ಮದ್ಯ ಹರಡಿಕೊಳ್ಳುವ ಮೈಯೂ ಚಿಕ್ಕದು. ಗುಟುಕು ಗಂಟಲಿನಿಂದ ಇಳಿದು ಕರುಳಿಗೆ, ಕರುಳಿನಿಂದ ರಕ್ತಕ್ಕೆ ನಿಮಿಷಗಳಲ್ಲಿ ಸೇರುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮಟ್ಟಿಗೆ ಈ ವಿಷಯದ ಬಹು ಮುಖ್ಯ ಸಾಕ್ಷಿ. 19 ಮಂದಿಗೆ ಬೈಪಾಸ್‌ಗೆ ಮೊದಲು ಒಂದು ಗ್ಲಾಸ್ ಕೆಂಪು ವೈನ್ ಕುಡಿಸಿ ಉಸಿರಿನಲ್ಲಿ ಮದ್ಯದ ಪ್ರಮಾಣ ಅಳೆದರು. ಅದೇ ಜನರಿಗೆ ಆಪರೇಷನ್ ಆಗಿ ಮೂರು ತಿಂಗಳಿಗೆ, ಆರು ತಿಂಗಳಿಗೆ ಅಷ್ಟೇ ವೈನ್ ಕುಡಿಸಿ ಮತ್ತೆ ಅಳೆದರು. ಮೊದಲು ಅತಿ ಹೆಚ್ಚಿನ ಮಟ್ಟ ಶೇ. 0.024 ಇತ್ತು. ಮೂರು ತಿಂಗಳಿಗೆ 0.059. ಆರು ತಿಂಗಳಿಗೆ 0.088. ಅಮಲು ಪೂರ್ತಿ ಇಳಿಯಲು ಮೊದಲು 49 ನಿಮಿಷ ಸಾಕಾಗಿತ್ತು, ಆರು ತಿಂಗಳ ಮೇಲೆ 88 ನಿಮಿಷ ಹಿಡಿಯಿತು.

ಈ ಅಂಕಿಗಳನ್ನು ನಮ್ಮ ಕಾನೂನಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಭಾರತದ ಮೋಟಾರು ವಾಹನ ಕಾಯ್ದೆಯಂತೆ ವಾಹನ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯ ಇರಬಾರದು, ಅಂದರೆ ಶೇ. 0.03. ಆಪರೇಷನ್‌ಗೆ ಮುಂಚೆ ಒಂದು ಗ್ಲಾಸ್ ವೈನ್ ಕುಡಿದವರು ಆ ಗೆರೆಯ ಒಳಗೇ ಇದ್ದರು. ಆಪರೇಷನ್ ಆದ ಮೇಲೆ ಅದೇ ಒಂದು ಗ್ಲಾಸ್ ಅವರನ್ನು ಗೆರೆಯ ಸುಮಾರು ಮೂರು ಪಟ್ಟು ಆಚೆಗೆ ಒಯ್ದಿತು. ದಮನ್‌ನಿಂದ ರಾತ್ರಿ ಸೂರತ್‌ಗೆ ಹೊರಟ ನಮ್ಮ ಹೋಟೆಲಿನ ಯಜಮಾನರು, 'ಬರೀ ಒಂದು ತಗೊಂಡದ್ದು' ಎಂದು ನಂಬಿಕೊಂಡೇ ಸ್ಟಿಯರಿಂಗ್ ಹಿಡಿಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ದೇಹದ ಲೆಕ್ಕ ಬದಲಾಗಿದೆ, ಅದನ್ನು ಅವರಿಗೆ ಯಾರೂ ಹೇಳಿಲ್ಲ.

2015ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೈಪಾಸ್ ಆದ ಹೆಂಗಸರಲ್ಲಿ ಎರಡು ಪಾನ ನಾಲ್ಕು ಪಾನದಂತೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. 2018ರಲ್ಲಿ ಸ್ಲೀವ್ ಆದವರಲ್ಲಿಯೂ ಅದನ್ನೇ ಕಂಡರು. 'ನನ್ನದು ಬೈಪಾಸ್ ಅಲ್ಲ, ಬರೀ ಸ್ಲೀವ್' ಎನ್ನುವವರಿಗೆ ಆ ಸಮಾಧಾನ ಉಳಿಯಲಿಲ್ಲ. ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಅಮೆರಿಕದವರ ಒಂದು ಪಾನ ಎಂದರೆ 14 ಗ್ರಾಂ ಮದ್ಯಸಾರ. ನಮ್ಮ ಒಂದು ಲಾರ್ಜ್ ಪೆಗ್, 60 ಮಿ.ಲೀ. ವಿಸ್ಕಿ, ಸುಮಾರು 20 ಗ್ರಾಂ. ಅವರ ಒಂದೂವರೆ ಪಾನ ನಮ್ಮ ಒಂದು ಪೆಗ್ಗಿನಲ್ಲಿದೆ. ಆಪರೇಷನ್ ಅದನ್ನು ಮೂರು ಮಾಡುತ್ತದೆ.

ಚಟದ ಮಾತಿಗೆ ಬರೋಣ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದಿದೆ. ಅದರ 2012ರ ವರದಿ 1,945 ಮಂದಿಯ ಮೇಲೆ ಆಧರಿಸಿದ್ದು. ಕುಡಿತದ ಚಟದ ಲಕ್ಷಣಗಳು ಆಪರೇಷನ್‌ಗೆ ಹಿಂದಿನ ವರ್ಷ ಶೇ. 7.6ರಷ್ಟು ಜನರಲ್ಲಿದ್ದವು, ಮೊದಲ ವರ್ಷ 7.3, ಎರಡನೆಯ ವರ್ಷ 9.6. ಈ ಎರಡನೆಯ ವರ್ಷವನ್ನು ಗುರುತು ಹಾಕಿಕೊಳ್ಳಬೇಕು. ಮೊದಲ ವರ್ಷ ರೋಗಿ ವೈದ್ಯರ ಕಣ್ಣಳತೆಯಲ್ಲಿರುತ್ತಾನೆ, ತೂಕ ಇಳಿಯುವ ಖುಷಿಯಲ್ಲಿರುತ್ತಾನೆ. ತೂಕ ಒಂದು ಕಡೆ ನಿಂತ ಮೇಲೆ, ಆಸ್ಪತ್ರೆಗೆ ಹೋಗುವುದು ತಪ್ಪಿದ ಮೇಲೆ ಬಾಟಲಿ ಬರುತ್ತದೆ. ಅದೇ ಅಧ್ಯಯನದ ಮುಂದಿನ ವರದಿಯಂತೆ, ಬೈಪಾಸ್ ಆದವರಲ್ಲಿ ಐದು ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಚಟದ ಲಕ್ಷಣ ಹೊಸದಾಗಿ ಕಂಡಿತು. ಗಂಡಸರು, ಕಿರಿಯ ವಯಸ್ಸಿನವರು, ಸಿಗರೇಟು ಸೇದುವವರು, ಮೊದಲೇ ಕುಡಿಯುತ್ತಿದ್ದವರು, ಜೊತೆಗೆ ಆಸರೆಯಾಗುವ ಜನ ಕಡಿಮೆ ಇರುವವರು ಹೆಚ್ಚು ಅಪಾಯದಲ್ಲಿದ್ದರು. ಊಟದ ಗೀಳು ಕುಡಿತಕ್ಕೆ ತಿರುಗಿತು ಎಂದು ಇದಕ್ಕೆ ಸರಳ ಕಾರಣ ಕೊಡುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಎನಿಸುತ್ತದೆ. ಬೈಪಾಸ್ ಮಾಡಿದ ಇಲಿಗಳಿಗೆ ಮದ್ಯವನ್ನು ಹೊಟ್ಟೆಯ ದಾರಿ ಬಿಟ್ಟು ನೇರ ರಕ್ತನಾಳಕ್ಕೆ ಕೊಟ್ಟಾಗಲೂ ಅವು ಹೆಚ್ಚು ಬಯಸಿದ ಪ್ರಯೋಗವಿದೆ. ಕರುಳು ಬದಲಾದರೆ ಮಿದುಳಿನ ಆಸೆಯೂ ಬದಲಾಗುತ್ತದೆ ಎಂಬುದರ ಸೂಚನೆ ಇದು. ಚಟಕ್ಕೆ ಬಿದ್ದವನನ್ನು ದುರ್ಬಲ ಮನಸ್ಸಿನವನೆಂದು ಬಯ್ಯುವ ಮೊದಲು ಇದನ್ನು ನೆನೆಯಬೇಕು.

ಇನ್ನು ಗುಜರಾತಿನ ಕಾನೂನು. 1949ರ ಮುಂಬಯಿ ಪಾನನಿರೋಧ ಕಾಯ್ದೆ 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾದಾಗಲೂ ಅಲ್ಲಿ ಮುಂದುವರಿಯಿತು. 2017ರ ತಿದ್ದುಪಡಿ ಮದ್ಯ ತಯಾರಿಸುವವರಿಗೆ, ಮಾರುವವರಿಗೆ ಹತ್ತು ವರ್ಷದವರೆಗೆ ಜೈಲು ಎಂದಿತು. ಪರ್ಮಿಟ್ ಇಲ್ಲದೆ ಕುಡಿಯುವುದೂ ಅಪರಾಧ. ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಕಂಡರೆ, ಕುಡಿದದ್ದು ನಿಷಿದ್ಧ ಮದ್ಯವಲ್ಲ ಎಂದು ಸಾಧಿಸುವ ಹೊಣೆ ಆರೋಪಿಯ ಮೇಲೆ ಬೀಳುತ್ತದೆ. 40 ದಾಟಿದವರು ಆರೋಗ್ಯದ ಕಾರಣ ತೋರಿಸಿ, ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಿ ಪರ್ಮಿಟ್ ಪಡೆಯಬಹುದು. ತಿಂಗಳಿಗೆ ಇಷ್ಟು ಯೂನಿಟ್ ಎಂದು ವಯಸ್ಸಿಗೆ ತಕ್ಕಂತೆ ಗೊತ್ತು ಮಾಡಿರುತ್ತಾರೆ. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯ ಉದ್ಯೋಗಿಗಳಿಗೂ ಅತಿಥಿಗಳಿಗೂ ಸಡಿಲಿಕೆ ಕೊಟ್ಟರು.

ಈ ಕಾನೂನಿನಿಂದ ಲಾಭವೇ ಇಲ್ಲ ಎಂದು ನಾನು ಹೇಳಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದ ಗಂಡಸರು ಗುಜರಾತಿನಲ್ಲಿ ಶೇ. 5.8, ನಮ್ಮ ಕರ್ನಾಟಕದಲ್ಲಿ 16.5. ಕೇಳಿದವರ ಮುಂದೆ ಬಾಯಿ ಬಿಡದವರನ್ನು ಸೇರಿಸಿಕೊಂಡರೂ ಅಂತರ ದೊಡ್ಡದೇ ಎನಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಹೆಂಗಸರು ಮಕ್ಕಳು ನಿರ್ಭಯವಾಗಿ ಮಾಣೆಕ್ ಚೌಕದಲ್ಲಿ ತಿಂಡಿ ತಿನ್ನುವ ಊರು ಅಹಮದಾಬಾದ್. ಅದಕ್ಕೆ ಈ ಕಾನೂನೂ ಒಂದು ಕಾರಣವೆಂದು ಅಲ್ಲಿನವರು ನಂಬುತ್ತಾರೆ. ನಾನೂ ಆ ನಂಬಿಕೆಯನ್ನು ತಳ್ಳಿಹಾಕುವುದಿಲ್ಲ.

ಆದರೆ ಆಪರೇಷನ್ ಆದವರಿಗೆ ಮೂರು ಕೇಡುಗಳು ಇಲ್ಲಿಂದಲೇ ಬರುತ್ತವೆ. ಮನೆಯಲ್ಲಿ ಸ್ವಲ್ಪ ಸ್ವಲ್ಪ ಕುಡಿಯುವ ಅವಕಾಶ ಇಲ್ಲದ್ದರಿಂದ ಕುಡಿತ ವಾರಾಂತ್ಯದ ಪ್ರವಾಸಕ್ಕೆ ಗಂಟುಬೀಳುತ್ತದೆ. ಅಷ್ಟು ದೂರ ಬಂದದ್ದಕ್ಕೆ ಗಬಗಬ ಕುಡಿಯುತ್ತಾರೆ. ಕಿರಿದಾದ ಹೊಟ್ಟೆಗೆ ಇದಕ್ಕಿಂತ ಕೆಟ್ಟ ರೀತಿ ಇನ್ನೊಂದಿಲ್ಲ. ಊರಿನಲ್ಲಿಯೇ ಕದ್ದು ತರಿಸುವವರಿಗೆ ಬಾಟಲಿಯೊಳಗೆ ಏನಿದೆ ಎಂಬುದು ತಿಳಿಯದು. 2009ರ ಜುಲೈನಲ್ಲಿ ಅಹಮದಾಬಾದಿನ ಕಾರ್ಮಿಕ ಬಡಾವಣೆಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಜುಲೈನಲ್ಲಿ ಬೋಟಾದ್ ಕಡೆಯ ಹಳ್ಳಿಗಳಲ್ಲಿ ನಲವತ್ತಕ್ಕೂ ಹೆಚ್ಚು. ಎರಡರಲ್ಲೂ ಕೊಂದದ್ದು ಮೆಥನಾಲ್. ಅಲ್ಲಿನ ಜನ ಅದನ್ನು ಲಠ್ಠಾ ಎನ್ನುತ್ತಾರೆ. ಮೂರನೆಯದು ಮೌನ. ಅದನ್ನು ಆಗಲೇ ಹೇಳಿದೆ. ವಿದೇಶದಿಂದ ಚಳಿಗಾಲಕ್ಕೆ ಬಂದು ಅಹಮದಾಬಾದಿನಲ್ಲಿ ಆಪರೇಷನ್ ಮಾಡಿಸಿಕೊಂಡು ಲೆಸ್ಟರ್‌ಗೋ ನ್ಯೂಜೆರ್ಸಿಗೋ ಮರಳುವ ಅನಿವಾಸಿ ಗುಜರಾತಿಗಳ ಗತಿಯೂ ಇದೇ. ಅವರಿಗೆ ಸಲಹೆ ಸಿಕ್ಕಿದ್ದು ಪಾನನಿರೋಧದ ನಾಡಿನಲ್ಲಿ, ಬದುಕು ಸಾಗುವುದು ಬಾಟಲಿ ಎಲ್ಲೆಡೆ ಸಿಗುವ ನಾಡಿನಲ್ಲಿ.

ಈಗ ಊಟ. ಕುಡಿತದ ಪ್ರಶ್ನೆ ಕೆಲವರದು, ಊಟದ ಪ್ರಶ್ನೆ ಎಲ್ಲರದು. 'ಸೂರತ್‌ನಲ್ಲಿ ಊಟ, ಕಾಶಿಯಲ್ಲಿ ಮರಣ' ಎಂಬ ಗಾದೆ ಗುಜರಾತಿನಲ್ಲಿ ಮನೆಮಾತು. ಆ ಸೂರತ್‌ನಲ್ಲಿ ಊಟ ಕಡಿಮೆ ಮಾಡಿ ಬದುಕಬೇಕು.

ಆಪರೇಷನ್ ಆದ ಕೂಡಲೇ ಕೆಲವು ದಿನ ತಿಳಿ ದ್ರವ, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಮೆದು ಊಟ. ಮಾಮೂಲಿ ಊಟಕ್ಕೆ ಬರುವ ಹೊತ್ತಿಗೆ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಗ್ಯಾಸು ತುಂಬಿದ ಸೋಡಾ, ತಂಪು ಪಾನೀಯ, ಬಿಯರ್ ಬೇಡ. ಇದಿಷ್ಟನ್ನು ಎಲ್ಲ ಆಸ್ಪತ್ರೆಗಳ ಚೀಟಿಯಲ್ಲೂ ಬರೆದುಕೊಡುತ್ತಾರೆ. ಕಷ್ಟ ಶುರುವಾಗುವುದು ಚೀಟಿ ಮುಗಿದ ಮೇಲೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ, ಎದ್ದು ನಿಲ್ಲುವ ಶಕ್ತಿ ಹೋಗುತ್ತದೆ. ಮೊಟ್ಟೆ ಮೀನು ತಿನ್ನುವವರಿಗೆ ಇದು ಸುಲಭ. ಗುಜರಾತಿನ ಬಹುಪಾಲು ಮನೆಗಳಿಗೆ ಸುಲಭವಲ್ಲ. ಲೆಕ್ಕ ಹಾಕಿ ನೋಡಿದೆ. ಎರಡು ಲೋಟ ಹಾಲಿನಿಂದ 12 ಗ್ರಾಂ, ನೂರು ಗ್ರಾಂ ಪನೀರಿನಿಂದ 18, ಐವತ್ತು ಗ್ರಾಂ ಹೆಸರುಬೇಳೆಯಿಂದ 12, ಇಪ್ಪತ್ತು ಗ್ರಾಂ ಸೋಯಾ ತುಣುಕಿನಿಂದ 10. ಒಟ್ಟು 52. ನೂರೈವತ್ತು ಮಿ.ಲೀ. ಹಿಡಿಯುವ ಹೊಟ್ಟೆಗೆ ಇಷ್ಟನ್ನೂ ದಿನದಲ್ಲಿ ಐದಾರು ಸಲ ತುಂಬಿದರೂ ಗುರಿ ಮುಟ್ಟಲಿಲ್ಲ. ಆದ್ದರಿಂದಲೇ ಪ್ರೋಟೀನ್ ಪುಡಿ ಬೇಕಾಗುತ್ತದೆ. ಅದು ದೇಹ ಬೆಳೆಸುವ ಹುಡುಗರ ಶೋಕಿ ಎಂದು ಹಿರಿಯರು ದೂರ ಇಡುವುದನ್ನು ಬಿಡಬೇಕು. ವಡೋದರಾದ ಪಕ್ಕದಲ್ಲೇ ಆನಂದ್ ಇದೆ. ಹಾಲಿನ ಪ್ರೋಟೀನ್ ಸೇರಿಸಿದ ಮಜ್ಜಿಗೆಯನ್ನು ಅಮುಲ್‌ನವರು ಪೇಟೆಗೆ ತಂದಿದ್ದಾರೆ. ಊಟಕ್ಕೆ ಮಜ್ಜಿಗೆ ಇಲ್ಲದೆ ಆಗದ ನಾಡಿಗೆ ಇದಕ್ಕಿಂತ ಒಗ್ಗುವ ದಾರಿ ನನಗೆ ಕಾಣದು.

ಒಂದು ತಪ್ಪು ನಂಬಿಕೆಯನ್ನು ಇಲ್ಲಿ ಎತ್ತಿ ಹೇಳಲೇಬೇಕು. ಬೇಳೆ ಬೇಯಿಸಿದ ತಿಳಿಕಟ್ಟನ್ನು ಸೋಸಿ ಲೋಟದಲ್ಲಿ ಕೊಡುವುದು ಗುಜರಾತಿನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಅದರಲ್ಲಿ 'ಬೇಳೆಯ ಸತ್ವ' ಇಳಿದಿದೆ ಎಂದು ತಾಯಂದಿರು ನಂಬುತ್ತಾರೆ. ಪ್ರೋಟೀನ್ ಇರುವುದು ಕೆಳಗೆ ಉಳಿದ ಬೇಳೆಯಲ್ಲಿ, ನೀರಿನಲ್ಲಿ ಅಲ್ಲ. ಬೇಳೆಯನ್ನು ಪೂರ್ತಿ ಅರೆದು, ತೆಳ್ಳಗೆ ಮಾಡಿ ಕೊಡಿ. ಗುಜರಾತಿ ದಾಲ್‌ಗೆ ಬೀಳುವ ಬೆಲ್ಲವನ್ನು ಬಿಡಿ.

ಗುಜರಾತಿನ ಅಡಿಗೆಯಲ್ಲಿ ಕಡಲೆಹಿಟ್ಟಿಗೆ ಇರುವ ಮರ್ಯಾದೆ ಇಂಥ ರೋಗಿಗೆ ವರವೂ ಹೌದು, ಶಾಪವೂ ಹೌದು. ಕಡಲೆಹಿಟ್ಟು ಮಜ್ಜಿಗೆಯಲ್ಲಿ ಬೇಯಿಸಿ ಸುರುಳಿ ಸುತ್ತಿದ ಖಾಂಡ್ವಿ, ಬೇಳೆ ನೆನೆಸಿ ರುಬ್ಬಿ ಹಬೆಯಲ್ಲಿ ಬೇಯಿಸಿದ ಢೋಕ್ಲಾ, ಹಬೆಯ ಮುಠಿಯಾ ಮೆದು ಊಟದ ಹಂತಕ್ಕೆ ಹೇಳಿ ಮಾಡಿಸಿದಂತಿವೆ. ಸೂರತ್‌ನ ಲೋಚೊ ಕೂಡ ಅದೇ ಜಾತಿ, ಮೇಲೆ ಸುರಿಯುವ ಎಣ್ಣೆ ಮತ್ತು ಸೇವ್ ಇಲ್ಲದಿದ್ದರೆ. ಅದೇ ಕಡಲೆಹಿಟ್ಟು ಎಣ್ಣೆಗೆ ಬಿದ್ದರೆ ಗಾಂಠಿಯಾ, ಫಾಫ್ಡಾ, ಸೇವ್ ಆಗುತ್ತದೆ. ಇವು ಬಾಯಲ್ಲಿ ಪುಡಿಯಾಗಿ, ಚಹಾದೊಂದಿಗೆ ಕರಗಿ, ಕೊಳವೆಯಂಥ ಹೊಟ್ಟೆಯಿಂದ ಸರ್ರನೆ ಜಾರುತ್ತವೆ. ಹೊಟ್ಟೆ ತುಂಬಿದ್ದು ಗೊತ್ತೇ ಆಗುವುದಿಲ್ಲ. ಎರಡು ರೋಟ್ಲಿ ತಿನ್ನಲಾಗದೆ ಕಷ್ಟಪಡುವವರು ಒಂದು ಪೊಟ್ಟಣ ಚೇವ್ಡಾ ಸಲೀಸಾಗಿ ಮುಗಿಸುತ್ತಾರೆ. ಮೂರು ವರ್ಷದ ಮೇಲೆ ತೂಕ ಮರಳಿ ಏರಿದವರ ಕತೆಯಲ್ಲಿ ಹೊಟ್ಟೆ ಹಿಗ್ಗಿತು ಎಂಬ ದೂರು ಸಾಮಾನ್ಯ. ಫರಸಾಣದ, ಅಂದರೆ ಈ ಕುರುಕಲು ತಿಂಡಿಗಳ, ಡಬ್ಬ ತೆರೆದು ನೋಡಿದರೆ ಇನ್ನೂ ಹತ್ತಿರದ ಕಾರಣ ಸಿಗುತ್ತದೆ.

ಕುಡಿಯುವ ಸಿಹಿಯೂ ಹಾಗೆಯೇ. ಸೂರತ್‌ನ ಬೀದಿಗಳಲ್ಲಿ ಸಿಗುವ ಗಟ್ಟಿ ತಣ್ಣನೆಯ ಕೋಕೋ, ಬೇಸಿಗೆಯ ಕಬ್ಬಿನ ಹಾಲು, ಮಾವಿನ ರಸ. ಅಗಿಯಬೇಕಿಲ್ಲ, ತಡೆಯಿಲ್ಲ. ಬೈಪಾಸ್ ಆದವರಿಗೆ ಇದರಿಂದ ಬೇರೆಯೇ ತೊಂದರೆ ಇದೆ. ಸಕ್ಕರೆ ಒಮ್ಮೆಗೇ ಕರುಳಿಗೆ ಬಿದ್ದಾಗ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಒಂದೆರಡು ಗಂಟೆ ಕಳೆದು ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ದಸರಾ ದಿನ ಗುಜರಾತಿನಲ್ಲಿ ಫಾಫ್ಡಾ ಜಿಲೇಬಿ ತಿನ್ನದ ಮನೆ ಅಪರೂಪ, ಚಾಂದನಿ ಪಡವೋ ದಿನ ಸೂರತ್‌ನಲ್ಲಿ ಘಾರಿ ತಿನ್ನದ ಮನೆ ಅಪರೂಪ. ತುಪ್ಪದಲ್ಲಿ ಮುಳುಗಿದ ಆ ಘಾರಿಯ ಒಂದು ಚೂರನ್ನು ಊಟದ ಕೊನೆಗೆ ಬಾಯಿಗಿಟ್ಟು ಹಬ್ಬ ಮಾಡಿದರೆ ಸಾಕು. ಖಾಲಿ ಹೊಟ್ಟೆಗೆ ಬೇಡ.

ಹಿತವಾದ ಮಾತೂ ಇದೆ. ಚಳಿಗಾಲದಲ್ಲಿ ಸೂರತ್‌ನಲ್ಲಿ ಪೊಂಕ್ ಬರುತ್ತದೆ, ಹಾಲುಗಾಳಿನ ಜೋಳವನ್ನು ಸುಟ್ಟು ಬಡಿದು ತೆಗೆದದ್ದು. ಉತ್ತರ ಕರ್ನಾಟಕದವರು ಅದನ್ನು ಕಂಡರೆ 'ಅರೆ, ಇದು ನಮ್ಮ ಸೀತನಿ!' ಎಂದುಬಿಡುತ್ತಾರೆ. ಚೆನ್ನಾಗಿ ಅಗಿದು, ಸಕ್ಕರೆಯ ಲೇಪವಿಲ್ಲದೆ, ಸೇವ್ ಬೆರೆಸದೆ ಒಂದು ಹಿಡಿ ತಿನ್ನಬಹುದು. ಉತ್ತರಾಯಣದ ಉಂಧಿಯುವಿನಲ್ಲಿ ಎಣ್ಣೆ ತಗ್ಗಿಸಿದರೆ ಅವರೆಯಂಥ ಕಾಳು ತರಕಾರಿ ಸಿಗುತ್ತದೆ.

ಜೈನ ಮನೆಗಳ ಪ್ರಶ್ನೆ ಬೇರೆಯಾಗಿ ನಿಲ್ಲುತ್ತದೆ. ಅಹಮದಾಬಾದ್, ಸೂರತ್ ಎರಡರಲ್ಲೂ ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಚೌವಿಹಾರ, ದಿನಕ್ಕೆ ಒಂದೇ ಊಟದ ಏಕಾಸಣ, ಪರ್ಯುಷಣದ ಎಂಟು ದಿನದ ಉಪವಾಸ. ಆಪರೇಷನ್ ಆದವರು ನೀರನ್ನು ಗುಟುಕು ಗುಟುಕಾಗಿ ಇಡೀ ದಿನ ಹಂಚಿ ಕುಡಿಯಬೇಕು, ಊಟವನ್ನು ಐದಾರು ಪಾಲು ಮಾಡಬೇಕು. ಏಕಾಸಣದಲ್ಲಿ ಅದು ಸಾಧ್ಯವೇ ಇಲ್ಲ. ಚೌವಿಹಾರವನ್ನು, ಬೆಳಗಿನ ಮೊದಲ ಆಹಾರವಾದ ನವಕಾರಸಿಯಿಂದ ಸಂಜೆಯವರೆಗೆ ಎಚ್ಚರದಿಂದ ಯೋಜಿಸಿದರೆ, ಉಳಿಸಿಕೊಳ್ಳಬಹುದು. ವ್ರತವನ್ನು ಅಜ್ಞಾನ ಎನ್ನುವ ವೈದ್ಯರ ಮಾತನ್ನು ಯಾವ ರೋಗಿಯೂ ಕೇಳುವುದಿಲ್ಲ. ಆಪರೇಷನ್‌ಗೆ ಮುಂಚೆಯೇ ರೋಗಿ, ವೈದ್ಯ, ಮನೆಯವರು ನಂಬುವ ಮಹಾರಾಜ ಸಾಹೇಬರು (ಜೈನ ಮುನಿಗಳು) ಒಂದು ಮಾತಿಗೆ ಬರುವುದು ಲೇಸು.

ಜೀವಸತ್ವದ ಮಾತ್ರೆಗಳು ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ, ಆಪರೇಷನ್ ಆದ ಮೇಲೆ ಇದ್ದದ್ದೂ ಸರಿಯಾಗಿ ಹೀರಿಕೆಯಾಗದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬೇಕು. ಕಬ್ಬಿಣದ ಮಾತ್ರೆಯ ಮೇಲೆ ಚಹಾ ಕುಡಿಯಬಾರದು. ಸೌರಾಷ್ಟ್ರದಿಂದ ಬಂದವರ ಬಾಯಲ್ಲಿ ಸದಾ ಇರುವ ಮಾವಾ, ಅಂದರೆ ತಂಬಾಕು ಬೆರೆಸಿದ ಅಡಿಕೆ, ಬೀಡಿ, ಮನಸ್ಸಿಗೆ ಬಂದಂತೆ ನುಂಗುವ ನೋವಿನ ಮಾತ್ರೆ ಇವೆಲ್ಲ ಬಿಡಬೇಕಾದವು. ಹೊಗೆ ಮತ್ತು ನೋವಿನ ಮಾತ್ರೆಗಳು ಬೈಪಾಸ್‌ನ ಜೋಡಣೆಯಲ್ಲಿ ಹುಣ್ಣು ಎಬ್ಬಿಸುತ್ತವೆ.

ಊಟ ಮತ್ತು ಕುಡಿತ ಒಂದೇ ಕಡೆ ಬಂದು ಸೇರುವ ಜಾಗ ಬಿ1, ಅಂದರೆ ಥಯಾಮಿನ್. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕಿಂತ ಹೆಚ್ಚು ಬಾರದು. ಆಪರೇಷನ್ ಆದವರು ಪದೇ ಪದೇ ವಾಂತಿ ಮಾಡಿಕೊಂಡರೆ, ಅಥವಾ ಊಟ ಬಿಟ್ಟು ಕುಡಿದರೆ, ಅದು ಖಾಲಿಯಾಗುತ್ತದೆ. ಮೊದಲು ಸುಸ್ತು. ಆಮೇಲೆ ಒಂದು ಎರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಮಾತು ಗೊಂದಲವಾಗುತ್ತದೆ. ನೋಡಿದವರು ಅಮಲು ಎಂದುಕೊಳ್ಳುತ್ತಾರೆ. ಇಂಥವರನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರೆ ಸುಸ್ತು ಎಂದು ಗ್ಲೂಕೋಸ್ ಬಾಟಲಿ ಏರಿಸಿಬಿಡುವ ಅಭ್ಯಾಸ ನಮ್ಮ ದೇಶದ ಎಲ್ಲ ಊರುಗಳಲ್ಲೂ ಇದೆ. ಥಯಾಮಿನ್ ಕೊಡದೆ ಗ್ಲೂಕೋಸ್ ಕೊಟ್ಟರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ಆಪರೇಷನ್ ಆದವರ ಮನೆಯಲ್ಲಿ ಈ ಒಂದು ಸಾಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಬೇಕು.

ಹಾಗಾದರೆ ಕುಡಿಯಬಹುದೇ? ಮೊದಲ ಆರು ತಿಂಗಳಿಂದ ಒಂದು ವರ್ಷ ಹನಿಯೂ ಬೇಡ ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ಆಮೇಲೆಯೂ ಬಿಟ್ಟೇಬಿಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಯಕೃತ್ತಿನಲ್ಲಿ ಕೊಬ್ಬು ಕೂತವರೇ ಈ ಆಪರೇಷನ್‌ಗೆ ಹೆಚ್ಚಾಗಿ ಬರುವುದು, ಒಂದು ಲಾರ್ಜ್ ಪೆಗ್ಗಿನಲ್ಲಿ 140 ಕ್ಯಾಲೊರಿಯ ಜೊತೆಗೆ ಪೋಷಣೆಯೆಂಬುದು ಏನೂ ಇಲ್ಲ. ಕುಡಿಯುತ್ತೇನೆ ಎನ್ನುವವರು ಊಟದ ಮೇಲೆ ಮಾತ್ರ, ಒಬ್ಬರೇ ಇರುವಾಗ ಬೇಡ, ಮತ್ತು ಆ ರಾತ್ರಿ ವಾಹನ ಮುಟ್ಟುವುದೇ ಬೇಡ. ಚಾಲಕನನ್ನು ಕರೆದೊಯ್ಯಿರಿ, ಇಲ್ಲವೇ ಅಲ್ಲಿಯೇ ಉಳಿಯಿರಿ.

ಅಹಮದಾಬಾದ್, ವಡೋದರಾ, ಸೂರತ್‌ನ ಶಸ್ತ್ರವೈದ್ಯರಲ್ಲಿ ನನ್ನ ಕೋರಿಕೆ ಇದು. ಕುಡಿತದ ಪ್ರಶ್ನೆಯನ್ನು ಫಾರಂಗೆ ಬಿಡಬೇಡಿ. ಮನೆಯವರನ್ನು ಹೊರಗೆ ಕೂರಿಸಿ, ರೋಗಿಯೊಬ್ಬರನ್ನೇ ಕೇಳಿ. ಆಪರೇಷನ್‌ಗೆ ಮುಂಚೆ ಒಮ್ಮೆ, ಎರಡನೆಯ ವರ್ಷ ಮತ್ತೊಮ್ಮೆ. ಕುಡಿಯದವರಿಗೂ ಹೇಳಿ, ನಾಳೆ ಕುಡಿಯಬಹುದಾದವರು ಅವರೇ. ಪರ್ಮಿಟ್ ಕೊಡುವ ವೈದ್ಯಕೀಯ ಮಂಡಳಿಗಳು ಅರ್ಜಿದಾರರಿಗೆ ಹೊಟ್ಟೆಯ ಆಪರೇಷನ್ ಆಗಿದೆಯೇ ಎಂದು ಕೇಳಿಯೇ ಮುಂದುವರಿಯಲಿ.

ಗುಜರಾತಿನಲ್ಲಿ ನೆಲೆಸಿರುವ ಕನ್ನಡದ ಬಂಧುಗಳಿಗೆ ಒಂದು ಮಾತು. ವೈದ್ಯರ ಮುಂದೆ ಕುಡಿತವನ್ನು ಒಪ್ಪಿಕೊಂಡರೆ ಪೊಲೀಸರ ಮುಂದೆ ಒಪ್ಪಿಕೊಂಡಂತಲ್ಲ. ರೋಗಿ ಹೇಳಿದ ಗುಟ್ಟನ್ನು ಕಾಪಾಡಬೇಕೆಂದು 2002ರ ವೈದ್ಯಕೀಯ ನಡವಳಿಕೆಯ ನಿಯಮಗಳು ವೈದ್ಯರನ್ನು ಕಟ್ಟಿಹಾಕಿವೆ. ಮುಂದಿನ ಸಲ ತಪಾಸಣೆಗೆ ಹೋದಾಗ ಹೇಳಿಬಿಡಿ: ಎಷ್ಟು, ಯಾವಾಗ, ಎಲ್ಲಿ.